ಲಾಭವಿಲ್ಲದೆ ಸ್ಕೂಬಾ ಕಲಿಸುವವರಿಗೆ: ಖರ್ಚಿನ ಲೆಕ್ಕ ಮತ್ತು ಮೀರಬಾರದ ನಿಯಮಗಳು

ಸ್ಕೂಬಾ ಇನ್‌ಸ್ಟ್ರಕ್ಟರ್ ಆದವರನ್ನು ಗೆಳೆಯರು, ನೆಂಟರು, ಜೊತೆ ಕೆಲಸ ಮಾಡುವವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ನಮಗೂ ಕಲಿಸಿಕೊಡಿ, ಆಗೋ ಖರ್ಚು ನಾವು ಕೊಡ್ತೀವಿ." ಒಳ್ಳೆಯ ಮನಸ್ಸಿನಿಂದ ಶುರುವಾಗುವ ಇಂಥ ತರಬೇತಿ ಎರಡು ಕಡೆ ಎಡವುತ್ತದೆ. ಕಲಿಸುವವರು ಅರ್ಧ ಖರ್ಚನ್ನು ಲೆಕ್ಕಕ್ಕೇ ಹಿಡಿಯದೆ ಕೈಯಿಂದ ಹಾಕಿ, ಎರಡನೇ ತಂಡ ಬರುವಷ್ಟರಲ್ಲಿ ಸೋತುಹೋಗುತ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದು: ದುಡ್ಡು ಮುಟ್ಟಿಲ್ಲವಾದ್ದರಿಂದ ನಿಯಮಗಳು ತಮಗಲ್ಲ ಎಂದುಕೊಳ್ಳುವುದು. ಶುಲ್ಕ ತೆಗೆದುಕೊಂಡರೂ ಬಿಟ್ಟರೂ ನೀರಿನ ಒತ್ತಡ ಅಷ್ಟೇ ಇರುತ್ತದೆ, ಹೊಣೆಯೂ ಅಷ್ಟೇ ಇರುತ್ತದೆ.

1. ಕಲಿಸುವ ಅರ್ಹತೆ ಯಾರಿಗಿದೆ

ಡೈವಿಂಗ್ ಕಾರ್ಡ್ (ತರಬೇತಿ ಸಂಸ್ಥೆ ಕೊಡುವ ಪ್ರಮಾಣಪತ್ರ) ಇರುವುದು ಬೇರೆ, ಕಲಿಸುವ ಕಾರ್ಡ್ ಇರುವುದು ಬೇರೆ. ನೂರಾರು ಡೈವ್ ಮಾಡಿದವರಾದರೂ ಇನ್‌ಸ್ಟ್ರಕ್ಟರ್ ಅಲ್ಲದಿದ್ದರೆ, ಹೊಸಬರ ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರಿಗಿಳಿಸಬಾರದು. ಈಜುಕೊಳದಲ್ಲೂ ಕೂಡದು. ಕಾರಣ ಸರಳ. ಸಿಲಿಂಡರಿನ ಗಾಳಿಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಒಂದೂಕಾಲು ಮೀಟರ್‌ನಷ್ಟು ಏರಿದರೂ ಶ್ವಾಸಕೋಶ ಹರಿದು ಗಾಳಿಗುಳ್ಳೆ ರಕ್ತಕ್ಕೆ ಸೇರಿ, ಮಿದುಳಿಗೆ ಹೋಗಬಹುದು. ಮೂಗಿಗೆ ನೀರು ಹೋಗಿ ಗಾಬರಿಯಾದವರು ಮಾಡುವುದು ಇದನ್ನೇ: ಉಸಿರು ಕಟ್ಟಿ, ನೆಲ ಒದ್ದು, ಮೇಲಕ್ಕೆ ಚಿಮ್ಮುತ್ತಾರೆ. ಆ ಕ್ಷಣಕ್ಕೆ ಅರ್ಧ ಸೆಕೆಂಡ್ ಮುಂಚೆಯೇ ಕೈ ಚಾಚಿ ಹಿಡಿಯಲು ಬರಬೇಕು. ಇನ್‌ಸ್ಟ್ರಕ್ಟರ್ ತರಬೇತಿಯಲ್ಲಿ ಮುಖ್ಯವಾಗಿ ಕಲಿಸುವುದು ಅದನ್ನೇ.

ಹಾಗಾದರೆ ಕಾರ್ಡ್ ಇರುವ, ಇನ್‌ಸ್ಟ್ರಕ್ಟರ್ ಅಲ್ಲದ ಗೆಳೆಯರು ಏನು ಮಾಡಬಹುದು? ಈಜಿನ ದಮ್ಮು ಕಟ್ಟಿಸಬಹುದು, ಸ್ನಾರ್ಕೆಲ್ ಹಿಡಿಸಬಹುದು, ಥಿಯರಿ ಓದಿಸಬಹುದು, ದಡದಲ್ಲಿ ಹಾಜರಿ ಬರೆಯಬಹುದು. ಈಗಾಗಲೇ ಕಾರ್ಡ್ ಪಡೆದವರ ಜೊತೆ, ಇಬ್ಬರಲ್ಲಿ ಕಡಿಮೆ ಅರ್ಹತೆ ಇರುವವರ ಆಳದ ಮಿತಿಯೊಳಗೆ ಜೋಡಿಯಾಗಿ ಡೈವ್ ಮಾಡಬಹುದು. ಡೈವ್‌ಮಾಸ್ಟರ್‌ಗಳು (ಡೈವ್ ಮುನ್ನಡೆಸುವ ಅರ್ಹತೆ ಪಡೆದವರು) ನೀರಲ್ಲಿ ನೆರವಾಗಬಹುದು, ಆದರೆ ಇನ್‌ಸ್ಟ್ರಕ್ಟರ್ ಅಲ್ಲೇ ಇರಬೇಕು.

ಇನ್‌ಸ್ಟ್ರಕ್ಟರ್ ಆಗಿದ್ದರೂ ತರಬೇತಿ ಸಂಸ್ಥೆಯಲ್ಲಿ ನಿಮ್ಮ ಸದಸ್ಯತ್ವ ಈ ವರ್ಷ ನವೀಕರಣವಾಗಿದೆಯೇ ನೋಡಿಕೊಳ್ಳಿ. ಅವಧಿ ಮುಗಿದಿದ್ದರೆ ನೀವು ಕಲಿಸಿದ್ದಕ್ಕೆ ಕಾರ್ಡ್ ಸಿಗುವುದಿಲ್ಲ, ವಿಮೆಯೂ ಕೈಹಿಡಿಯುವುದಿಲ್ಲ. ಹೊಸಬರ ತರಬೇತಿಗೆ ಅಂತರರಾಷ್ಟ್ರೀಯ ಅಳತೆಗೋಲೆಂದರೆ ಐಎಸ್‌ಒ 24801-2. ಸ್ವತಂತ್ರವಾಗಿ, ಜೋಡಿಯೊಂದಿಗೆ, 20 ಮೀಟರ್‌ವರೆಗೆ ಹೋಗಬಲ್ಲ ಡೈವರ್‌ಗೆ ಏನೇನು ಬರಬೇಕು ಎಂದು ಅದು ಹೇಳುತ್ತದೆ. ಪ್ಯಾಡಿ ಎಂಬ ತರಬೇತಿ ಸಂಸ್ಥೆಯ, ಹೊಸಬರ ಓಪನ್ ವಾಟರ್ ಕೋರ್ಸಿನಲ್ಲಿ ಆ ಮಿತಿ 18 ಮೀಟರ್. ಯಾವ ಸಂಸ್ಥೆಯ ಅಡಿಯಲ್ಲಿ ಕಲಿಸುತ್ತೀರೋ ಅದರ ಪಠ್ಯಕ್ರಮವನ್ನು ಪೂರ್ತಿ ಪಾಲಿಸಿ. ಗೆಳೆಯರು ಎಂದು ಒಂದು ಪಾಠ ಬಿಟ್ಟರೆ ಇಡೀ ಕೋರ್ಸ್ ನಿಯಮದ ಹೊರಗೆ ಬೀಳುತ್ತದೆ.

2. ಖರ್ಚು ಹಂಚಿಕೆ ಎಲ್ಲಿ ಮುಗಿದು ಸಂಪಾದನೆ ಎಲ್ಲಿ ಶುರುವಾಗುತ್ತದೆ

ಸ್ವಯಂಸೇವಕರು ಕಲಿಸುವುದು ಡೈವಿಂಗ್ ಲೋಕಕ್ಕೆ ಹೊಸದಲ್ಲ. 1953ರಲ್ಲಿ ಹುಟ್ಟಿದ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಇವತ್ತಿಗೂ ಶಾಖೆಗಳಲ್ಲಿ ಸಂಬಳವಿಲ್ಲದ ಇನ್‌ಸ್ಟ್ರಕ್ಟರ್‌ಗಳಿಂದಲೇ ನಡೆಯುತ್ತದೆ. 1959ರಲ್ಲಿ ಸ್ಥಾಪನೆಯಾದ ಸಿಎಂಎಎಸ್ ಎಂಬ ಅಂತರರಾಷ್ಟ್ರೀಯ ಡೈವಿಂಗ್ ಒಕ್ಕೂಟದ ಎಷ್ಟೋ ಸದಸ್ಯ ಕ್ಲಬ್ಬುಗಳದ್ದೂ ಇದೇ ಕ್ರಮ. ಹಾಗಾಗಿ ಸಂಬಳವಿಲ್ಲದೆ ಕಲಿಸುವುದನ್ನೂ ದುಡಿಮೆಯಾಗಿ ಕಲಿಸುವುದನ್ನೂ ಕಾನೂನು ಹಲವು ದೇಶಗಳಲ್ಲಿ ಬೇರೆ ಬೇರೆಯಾಗಿ ನೋಡುತ್ತದೆ. ಬ್ರಿಟನ್‌ನಲ್ಲಿ 1997ರ 'ಡೈವಿಂಗ್ ಅಟ್ ವರ್ಕ್' ನಿಯಮಗಳು ಕೆಲಸವಾಗಿ ಮಾಡುವ ಡೈವಿಂಗ್‌ಗೆ ಅನ್ವಯಿಸುತ್ತವೆ. ಕ್ಲಬ್ಬಿನಲ್ಲಿ ಸುಮ್ಮನೆ ಕಲಿಸುವವರು ಸಾಮಾನ್ಯವಾಗಿ ಅದರ ಹೊರಗೆ. ಫ್ರಾನ್ಸಿನಲ್ಲಿ ಒಕ್ಕೂಟದ ಇನ್‌ಸ್ಟ್ರಕ್ಟರ್ ಪದವಿಯಿಂದ ಸಂಬಳವಿಲ್ಲದೆ ಕಲಿಸಬಹುದು, ದುಡಿಮೆಯಾಗಿ ಕಲಿಸಲು ಸರ್ಕಾರದ ಡಿಪ್ಲೊಮಾ ಬೇಕು. ನೀವಿರುವಲ್ಲಿ ಗೆರೆ ಎಲ್ಲಿದೆ ಎಂಬುದನ್ನು ಸಂಸ್ಥೆಯ ಪ್ರಾದೇಶಿಕ ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಬಾಯಿಮಾತಿನ ಉತ್ತರ ವಿಮೆಯವರ ಮುಂದೆ ನಿಲ್ಲದು.

ಗೆರೆಯ ಈಚೆ ಉಳಿಯುವ ಸುರಕ್ಷಿತ ದಾರಿ ಇದು. ರಸೀದಿ ಇರುವ ಖರ್ಚನ್ನು ಮಾತ್ರ ಹಂಚಿ: ಕೊಳದ ಬಾಡಿಗೆ, ಗಾಳಿ, ಕಾರ್ಡ್ ಮತ್ತು ಪಠ್ಯ, ದೋಣಿಯ ಇಂಧನ, ಪ್ರವೇಶ ಶುಲ್ಕ. "ಒಬ್ಬರಿಗೆ ಇಷ್ಟು" ಎಂದು ಮುಂಚೆಯೇ ದುಂಡು ಮೊತ್ತ ನಿಗದಿ ಮಾಡಿದರೆ ಅದು ಶುಲ್ಕದಂತೆ ಕಾಣುತ್ತದೆ. ನಿಮ್ಮ ಸಮಯಕ್ಕೆ ಬೆಲೆ ಕಟ್ಟಬೇಡಿ. ಪ್ರತಿಫಲ ಎಂದರೆ ನಗದು ಮಾತ್ರವೆಂದು ತಿಳಿಯಬೇಡಿ. ಕಲಿಸಿದ್ದಕ್ಕೆ ಪುಕ್ಕಟೆ ಪ್ರವಾಸ, ದುಬಾರಿ ಉಡುಗೊರೆ ಮೊದಲೇ ಮಾತಾಗಿದ್ದರೆ ಅದೂ ಸಂಪಾದನೆಯ ಲೆಕ್ಕಕ್ಕೆ ಬರಬಹುದು. ದೋಣಿಗೆ ಬೇರೆ ನಿಯಮವಿದೆ. ತಲೆಗಿಷ್ಟು ಎಂದು ಹಣ ಪಡೆದು ಜನರನ್ನು ಕರೆದೊಯ್ದರೆ ಸ್ವಂತ ದೋಣಿಯೂ ಬಾಡಿಗೆ ದೋಣಿಯಾಗಿಬಿಡುತ್ತದೆ.

3. ವಿಮೆ, ಒಪ್ಪಿಗೆ ಪತ್ರ, ಆರೋಗ್ಯದ ಪ್ರಶ್ನಾವಳಿ

ಎರಡು ವಿಮೆ ಬೇಕು. ಒಂದು, ನಿಮ್ಮ ತಪ್ಪಿನಿಂದ ಬೇರೆಯವರಿಗೆ ಹಾನಿಯಾದರೆ ರಕ್ಷಿಸುವ ಹೊಣೆಗಾರಿಕೆ ವಿಮೆ. ಇನ್ನೊಂದು, ಕಲಿಯುವವರಿಗೆ ಡೈವಿಂಗ್ ಅಪಘಾತ ವಿಮೆ. ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ, ಅದೇ ದುಬಾರಿಯಾಗುವುದು. ಡಿಕಂಪ್ರೆಶನ್ ಕಾಯಿಲೆಗೆ (ಮೇಲೇರುವಾಗ ದೇಹದಲ್ಲಿ ಗುಳ್ಳೆಗಳಾಗುವ ತೊಂದರೆ) ಒತ್ತಡ ಕೋಣೆಯಲ್ಲಿ ಸಾಮಾನ್ಯವಾಗಿ ಕೊಡುವ ಅಮೆರಿಕನ್ ನೌಕಾಪಡೆಯ 6ನೇ ಟೇಬಲ್ ಚಿಕಿತ್ಸೆ ಒಂದು ಸಲಕ್ಕೆ ಐದು ಗಂಟೆಯ ಹತ್ತಿರ ಹಿಡಿಯುತ್ತದೆ, ಕೆಲವರಿಗೆ ಮತ್ತೆ ಮತ್ತೆ ಬೇಕಾಗುತ್ತದೆ, ಒತ್ತಡ ಕೋಣೆಗೆ ಸಾಗಿಸುವ ವೆಚ್ಚ ಬೇರೆ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಸ್ಕೂಬಾವನ್ನು ಹೊರಗಿಟ್ಟಿರುವುದು ಅಪರೂಪವಲ್ಲ. ಪಾಲಿಸಿಯ ವಿನಾಯಿತಿಗಳ ಪುಟವನ್ನು ಓದಿ.

ಹೊಣೆಗಾರಿಕೆ ವಿಮೆಯಲ್ಲಿ ಎರಡು ಸಾಲು ಹುಡುಕಿ: ಸಂಬಳವಿಲ್ಲದ ಬೋಧನೆಗೂ ಅನ್ವಯವೇ, ಮತ್ತು ಸಂಸ್ಥೆಯ ನಿಯಮ ಮೀರಿದರೆ ಏನಾಗುತ್ತದೆ. ಕಲಿಯುವವರಿಂದ ಬರೆಸಿಕೊಳ್ಳುವ ಒಪ್ಪಿಗೆ ಪತ್ರ ಅಪಾಯವನ್ನು ತಿಳಿಸಿದ್ದಕ್ಕೆ ದಾಖಲೆಯೇ ಹೊರತು, ದೊಡ್ಡ ನಿರ್ಲಕ್ಷ್ಯಕ್ಕೆ ರಕ್ಷೆಯಲ್ಲ. ಅಪ್ರಾಪ್ತರಾದರೆ ತಂದೆತಾಯಿ ಅಥವಾ ಪೋಷಕರ ಸಹಿ ಇಲ್ಲದೆ ಮುಂದುವರಿಯಬೇಡಿ.

ಆರೋಗ್ಯದ ಪ್ರಶ್ನಾವಳಿಯನ್ನು ಕೊಳಕ್ಕೆ ಇಳಿಯುವ ದಿನ ಕೊಡುವುದು ದೊಡ್ಡ ತಪ್ಪು. ಬಟ್ಟೆ ಬದಲಿಸಿ ನಿಂತವರು, ಬಾಡಿಗೆ ಹಂಚಿಕೊಂಡವರು, ಗೆಳೆಯರ ಎದುರು "ನನಗೆ ಆಸ್ತಮಾ ಇದೆ" ಎಂದು ಬರೆಯುವುದಿಲ್ಲ. ಎರಡು ಮೂರು ವಾರ ಮೊದಲೇ ಕಳುಹಿಸಿ. ಹಣ ಸಂಗ್ರಹಿಸುವುದಕ್ಕೂ ಮುಂಚೆ. ಹೆಚ್ಚಿನ ಸಂಸ್ಥೆಗಳು ಬಳಸುವ ಈಗಿನ ಪ್ರಶ್ನಾವಳಿಯ ಮೊದಲ ಪುಟದಲ್ಲಿ 10 ಪ್ರಶ್ನೆಗಳಿವೆ. ಕೆಲವಕ್ಕೆ "ಹೌದು" ಎಂದರೆ ನೇರವಾಗಿ ವೈದ್ಯರ ಸಹಿ ಬೇಕು, ಉಳಿದವು ಎರಡನೇ ಪುಟದ ವಿವರಕ್ಕೆ ಒಯ್ಯುತ್ತವೆ. ಆಸ್ತಮಾ, ಹಿಂದೆ ಶ್ವಾಸಕೋಶ ಕುಸಿದದ್ದು, ಅಪಸ್ಮಾರ, ಹೃದಯದ ತೊಂದರೆ, ಮಧುಮೇಹ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಧಾರಣೆ: ಇವುಗಳಲ್ಲಿ ಯಾವುದಕ್ಕೂ "ಪರವಾಗಿಲ್ಲ ಬಿಡಿ" ಎಂಬ ಉತ್ತರ ನಿಮ್ಮ ಬಾಯಿಂದ ಬರಕೂಡದು. ಅದನ್ನು ಹೇಳಬೇಕಾದವರು ವೈದ್ಯರು.

4. ಲೆಕ್ಕ: ಗಾಳಿಯಿಂದ ಶುರುಮಾಡಿ

ಕೋರ್ಸಿನಲ್ಲಿ 5 ಕೊಳದ ಪಾಠ, 4 ತೆರೆದ ನೀರಿನ (ಸಮುದ್ರ ಅಥವಾ ಕೆರೆಯ) ಡೈವ್ ಎಂದಿಟ್ಟುಕೊಳ್ಳಿ. ಒಬ್ಬರಿಗೆ 9 ಸಿಲಿಂಡರ್ ಎಂದು ಲೆಕ್ಕ ಹಾಕಿದರೆ ಅಲ್ಲೇ ತಪ್ಪಿತು. ಇನ್‌ಸ್ಟ್ರಕ್ಟರ್ ಮತ್ತು ಸಹಾಯಕರೂ ಉಸಿರಾಡುತ್ತಾರೆ. 4 ಜನ ಕಲಿಯುವವರು, ಜೊತೆಗೆ 2 ಜನ ಸಿಬ್ಬಂದಿ ಎಂದರೆ 6 × 9 = 54 ಸಿಲಿಂಡರ್; ಕಲಿಯುವವರ ತಲೆಗೆ ಹದಿಮೂರೂವರೆ. ತಂಡವನ್ನು 6ಕ್ಕೆ ಏರಿಸಿದರೆ ತಲೆಗೆ 12, 8ಕ್ಕೆ ಏರಿಸಿದರೆ ಹನ್ನೊಂದೂಕಾಲು. ಅಂದರೆ ತಂಡವನ್ನು ಇಮ್ಮಡಿ ಮಾಡಿದರೂ ತಲೆಗೆ ಉಳಿಯುವುದು ಎರಡೂಕಾಲು ಸಿಲಿಂಡರ್ ಗಾಳಿ ಮಾತ್ರ. ಅಷ್ಟಕ್ಕಾಗಿ ಒಬ್ಬ ಇನ್‌ಸ್ಟ್ರಕ್ಟರ್ ನಾಲ್ವರ ಬದಲು ಎಂಟು ಜನರ ಮೇಲೆ ಕಣ್ಣಿಡಬೇಕಾಗುತ್ತದೆ. ಪ್ಯಾಡಿಯ ಈ ಕೋರ್ಸಿನಲ್ಲಿ ತೆರೆದ ನೀರಿಗೆ ಒಬ್ಬ ಇನ್‌ಸ್ಟ್ರಕ್ಟರಿಗೆ 8 ಜನ ಎಂಬುದು ಗರಿಷ್ಠ ಮಿತಿ. ನೀರು ಮಸುಕಾಗಿದ್ದರೆ ಇಬ್ಬರೇ ಸಾಕು.

ನಿಜವಾದ ಉಳಿತಾಯ ಇರುವುದು ಕೊಳದ ಬಾಡಿಗೆಯಲ್ಲಿ. ಕೊಳಕ್ಕೆ ಗಂಟೆಯ ಲೆಕ್ಕ, ಒಳಗೆ ನಾಲ್ವರಿದ್ದರೂ ಹನ್ನೆರಡು ಜನರಿದ್ದರೂ ಅದೇ ಮೊತ್ತ. ಆದ್ದರಿಂದ ಮೂರು ಸಣ್ಣ ತಂಡ, ಪ್ರತಿಯೊಂದಕ್ಕೂ ಅದರದೇ ಇನ್‌ಸ್ಟ್ರಕ್ಟರ್, ಎಲ್ಲರಿಗೂ ಒಂದೇ ಕೊಳ. ಹೀಗೆ ಕೊಳವನ್ನು ಹಂಚಿಕೊಳ್ಳಿ, ಇನ್‌ಸ್ಟ್ರಕ್ಟರನ್ನು ಹಂಚಬೇಡಿ.

ಇನ್ನೊಂದು ಸಂಗತಿ: 5 ಪಾಠಕ್ಕೆ 5 ಸಲದ ಬಾಡಿಗೆ ಬರೆದಿಡಬೇಡಿ, 7 ಬರೆಯಿರಿ. ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವ ಪಾಠದಲ್ಲಿ ಯಾರಾದರೊಬ್ಬರು ಸಿಕ್ಕಿಕೊಳ್ಳುವುದು ಸಾಮಾನ್ಯ. ಹೆಚ್ಚುವರಿ ಸಲಕ್ಕೆ ದುಡ್ಡಿಲ್ಲದಿದ್ದರೆ "ಸಮುದ್ರದಲ್ಲಿ ಸರಿಹೋಗುತ್ತದೆ" ಎಂದು ಮುಂದೆ ತಳ್ಳುವ ಒತ್ತಡ ಬರುತ್ತದೆ. ಕೊಳದಲ್ಲಿ ಬಾರದ್ದು ಸಮುದ್ರದಲ್ಲಿ ಬರುವುದಿಲ್ಲ. ಮಿಕ್ಕ ಹಣವನ್ನು ಕೊನೆಯಲ್ಲಿ ವಾಪಸ್ ಕೊಟ್ಟರಾಯಿತು.

ಸವೆತವನ್ನೂ ಬರೆಯಬೇಕು. ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸುವ ಸಾಧನ) ಒಂದು ಸೆಟ್ ಎಂದರೆ ಸಿಲಿಂಡರಿಗೆ ಕೂಡುವ ಒಂದು ಫಸ್ಟ್ ಸ್ಟೇಜ್, ಬಾಯಿಗಿಡುವ ಎರಡು ಸೆಕೆಂಡ್ ಸ್ಟೇಜ್. 6 ಸೆಟ್ ಸರ್ವಿಸಿಗೆ ಕೊಟ್ಟರೆ 18 ಭಾಗಗಳ ಬಿಲ್ ಬರುತ್ತದೆ. ತಯಾರಕರು ಹೇಳಿದಂತೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಆಗುವ ಆ ಖರ್ಚನ್ನು ಆ ಅವಧಿಯಲ್ಲಿ ಕಲಿಯುವವರ ಸಂಖ್ಯೆಯಿಂದ ಭಾಗಿಸಿ, ಪ್ರತಿ ತಂಡದಿಂದಲೂ ಅವರ ಪಾಲು ಪಡೆದು ಬೇರೆಯಾಗಿ ಎತ್ತಿಡಿ. ಹಾಗೆ ಮಾಡದಿದ್ದರೆ ಸರ್ವಿಸ್ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತದೆ.

5. ಸಿಲಿಂಡರ್ ಮತ್ತು ಗಾಳಿ

ಲಾಭರಹಿತ ತಂಡಗಳಿಗೆ ಹಳೆಯ ಸಿಲಿಂಡರ್ ದಾನವಾಗಿ ಬರುತ್ತವೆ. ಖುಷಿಪಡುವ ಮೊದಲು ಕತ್ತಿನ ಮೇಲೆ ಕೆತ್ತಿರುವ ಗುರುತುಗಳನ್ನು ಓದಿ. ಒತ್ತಡ ಪರೀಕ್ಷೆ ಹಲವು ದೇಶಗಳಲ್ಲಿ 5 ವರ್ಷಕ್ಕೊಮ್ಮೆ. ಒಳಭಾಗವನ್ನು ಕಣ್ಣಿನಿಂದ ನೋಡುವ ತಪಾಸಣೆ ಕೆಲವೆಡೆ ವರ್ಷಕ್ಕೊಮ್ಮೆ, ಕೆಲವೆಡೆ ಎರಡೂವರೆ ವರ್ಷಕ್ಕೊಮ್ಮೆ. 1980ರ ದಶಕದ ಕೊನೆಯವರೆಗೆ 6351 ಎಂಬ ಮಿಶ್ರಲೋಹದಲ್ಲಿ ತಯಾರಾದ ಅಲ್ಯೂಮಿನಿಯಂ ಸಿಲಿಂಡರ್‌ಗಳ ಕತ್ತಿನೊಳಗೆ ವರ್ಷಗಟ್ಟಲೆ ಒತ್ತಡದಿಂದ ಬಿರುಕು ಬರಬಹುದು. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಿ.

ವಾಲ್ವ್ ಬದಲಿಸುವುದಿದ್ದರೆ ಇನ್ನೂ ಎಚ್ಚರ. ಎಂ25 ಅಳತೆಯ ತಿರುಪಿನ ಎಳೆ (ಥ್ರೆಡ್) ಮತ್ತು ಮುಕ್ಕಾಲು ಇಂಚಿನ ಎಳೆ ನೋಡಲು ಒಂದೇ ಥರ. ಎಂ25 ವಾಲ್ವ್ ಮುಕ್ಕಾಲು ಇಂಚಿನ ಕತ್ತಿನಲ್ಲಿ ಸುತ್ತಿಕೊಂಡು ಕೂತಂತೆಯೂ ಕಾಣುತ್ತದೆ. ಗಾಳಿ ತುಂಬಿಸುವಾಗ ಅದು ಕಿತ್ತು ಹಾರಿ ಎದುರಿಗಿದ್ದವರನ್ನು ಕೊಲ್ಲಬಲ್ಲದು. ಈ ಕೆಲಸ ಅಳತೆ ಗೇಜ್ ಇರುವ ತಂತ್ರಜ್ಞರದ್ದು.

ಗಾಳಿಯ ಶುದ್ಧತೆಗೆ ಯುರೋಪಿನ ಇಎನ್ 12021 ಮಾನದಂಡದ ಪ್ರಕಾರ ಕಾರ್ಬನ್ ಮಾನಾಕ್ಸೈಡ್ 5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5), ಕಾರ್ಬನ್ ಡೈಆಕ್ಸೈಡ್ 500 ಪಿಪಿಎಂ, ಎಣ್ಣೆ ಘನ ಮೀಟರಿಗೆ 0.5 ಮಿಲಿಗ್ರಾಂ ಮೀರಬಾರದು. ಗಾಳಿ ಸಾಮಾನ್ಯವಾಗಿ ಕೆಡುವುದು ಹೀಗೆ: ಪೆಟ್ರೋಲ್ ಎಂಜಿನ್ನಿನ ಕಂಪ್ರೆಸರ್ ಇಟ್ಟಾಗ ಗಾಳಿ ದಿಕ್ಕು ಬದಲಿಸಿ, ಎಂಜಿನ್ ಹೊಗೆ ಗಾಳಿ ಎಳೆಯುವ ಕೊಳವೆಗೆ ಬರುತ್ತದೆ. ಮಾನಾಕ್ಸೈಡ್‌ಗೆ ವಾಸನೆಯಿಲ್ಲ. 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟು, ಆದ್ದರಿಂದ ಅದರ ಪರಿಣಾಮವೂ ಮೂರು ಪಟ್ಟು. ವರ್ಕ್‌ಶಾಪಿನ ಕಂಪ್ರೆಸರಿನಿಂದ ತುಂಬಿಸುವ ಯೋಚನೆಯೇ ಬೇಡ. ಅದರಲ್ಲಿ ಉಸಿರಾಟದ ಗಾಳಿಗೆ ಬೇಕಾದ ಫಿಲ್ಟರ್ ಇರುವುದಿಲ್ಲ.

ತುಂಬಿಸಿದ ತಕ್ಷಣದ ಅಂಕಿಯನ್ನು ನಂಬಬೇಡಿ. 50 ಡಿಗ್ರಿಗೆ ಬಿಸಿಯಾದ ಸಿಲಿಂಡರಿನ 200 ಬಾರ್ (ಬಾರ್ ಒತ್ತಡದ ಅಳತೆ), 20 ಡಿಗ್ರಿಗೆ ತಣಿದಾಗ 180ರ ಆಸುಪಾಸಿಗೆ ಇಳಿಯುತ್ತದೆ.

6. ಪ್ರತಿ ಪಾಠಕ್ಕೂ ಮುಂಚಿನ ತಪಾಸಣೆ

ವಾಲ್ವ್ ತೆರೆಯುವ ಮೊದಲು ಸೆಕೆಂಡ್ ಸ್ಟೇಜನ್ನು ಬಾಯಿಗಿಟ್ಟು ಮೆಲ್ಲಗೆ ಎಳೆಯಿರಿ. ಏನೂ ಬರಬಾರದು, ತುಟಿಗೆ ಅಂಟಿಕೊಳ್ಳಬೇಕು. ಗಾಳಿ ಬಂದರೆ ಡಯಾಫ್ರಂ ಅಥವಾ ಉಸಿರು ಹೊರಹೋಗುವ ವಾಲ್ವ್ ಸೋರುತ್ತಿದೆ. ನೀರೊಳಗೆ ಅಲ್ಲಿಂದ ನೀರು ಬರುತ್ತದೆ. ಈಗ ವಾಲ್ವನ್ನು ಪೂರ್ತಿ ತೆರೆದು, ಗೇಜ್ ನೋಡುತ್ತ ನಾಲ್ಕೈದು ಸಲ ಜೋರಾಗಿ ಉಸಿರಾಡಿ. ಮುಳ್ಳು ಅಲುಗಬಾರದು. ಪ್ರತಿ ಉಸಿರಿಗೂ ಕುಸಿದು ಮತ್ತೆ ಏರಿದರೆ ವಾಲ್ವ್ ಅರೆತೆರೆದಿದೆ, ಇಲ್ಲವೇ ಫಸ್ಟ್ ಸ್ಟೇಜಿನ ಫಿಲ್ಟರ್ ಕಟ್ಟಿಕೊಂಡಿದೆ. ಅರೆತೆರೆದ ವಾಲ್ವ್ ದಡದ ಮೇಲೆ ಮೋಸ ಮಾಡುತ್ತದೆ, ಏಕೆಂದರೆ ಅಲ್ಲಿ ಬೇಕಾದಷ್ಟು ಗಾಳಿ ಕೊಡುತ್ತದೆ, ಆಳದಲ್ಲಿ ಸಾಲುವುದಿಲ್ಲ. ಫಿಲ್ಟರಿನ ಮೇಲೆ ಹಸಿರು ಪುಡಿ ಕಂಡರೆ ಒಳಗೆ ನೀರು ಹೋಗಿದೆ, ಸರ್ವಿಸಿಗೆ ಕಳುಹಿಸಿ.

ಫಸ್ಟ್ ಸ್ಟೇಜಿನಿಂದ ಹೊರಡುವ ಮಧ್ಯದ ಒತ್ತಡ ಸಾಮಾನ್ಯವಾಗಿ 9ರಿಂದ 10 ಬಾರ್. ಸೆಕೆಂಡ್ ಸ್ಟೇಜಿನಿಂದ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಿಬಿಟ್ಟ ಮೇಲೆ ಅದು ಒಂದೇ ಅಂಕಿಯಲ್ಲಿ ನಿಲ್ಲಬೇಕು. ನಿಧಾನವಾಗಿ ಏರುತ್ತಲೇ ಹೋದರೆ ಸೀಟ್ ಸವೆದಿದೆ, ಇನ್ನು ಸ್ವಲ್ಪ ದಿನಕ್ಕೆ ಗಾಳಿ ತಾನಾಗಿ ಹರಿಯತೊಡಗುತ್ತದೆ.

ಬಿಸಿಡಿಯನ್ನು (ಗಾಳಿ ತುಂಬಿ ತೇಲುವಿಕೆಯನ್ನು ಹತೋಟಿಯಲ್ಲಿಡುವ ಜಾಕೆಟ್) ಬಿಗಿಯಾಗಿ ಊದಿಸಿ ಕಾಲು ಗಂಟೆ ಬಿಡಿ, ಮೆತ್ತಗಾಗಬಾರದು. ಅದಕ್ಕೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯನ್ನು ಹತ್ತು ಸಲ ಒತ್ತಿ ಬಿಡಿ. ಉಪ್ಪು ಕಟ್ಟಿದ ಗುಂಡಿ ಒಳಗೇ ಸಿಕ್ಕಿಕೊಂಡರೆ ಬಿಸಿಡಿ ತಾನೇ ಉಬ್ಬುತ್ತ ಹೊಸಬರನ್ನು ತಡೆಯಿಲ್ಲದೆ ಮೇಲಕ್ಕೆಳೆಯುತ್ತದೆ. ಅದಾದರೆ ಹೋಸನ್ನು ಕಳಚುವುದನ್ನು ಮೊದಲ ಕೊಳದ ಪಾಠದಲ್ಲೇ ಕೈಗೆ ರೂಢಿ ಮಾಡಿಸಿ.

7. ಕೊಳದಿಂದ ತೆರೆದ ನೀರಿಗೆ

ಕೊಳದವರಿಗೆ ಹೆಚ್ಚು ಚಿಂತೆ ಟೈಲ್ಸ್‌ನದು. ಸಿಲಿಂಡರಿಗೆ ರಬ್ಬರ್ ಬೂಟು, ಅಂಚಿಗೆ ಚಾಪೆ, ಸೀಸದ ತೂಕವನ್ನು ಕೈಯಲ್ಲೇ ಇಳಿಸುವುದು: ಇಷ್ಟು ಪಾಲಿಸಿದರೆ ಠೇವಣಿ ವಾಪಸ್ ಬರುತ್ತದೆ, ಮುಂದಿನ ಸಲವೂ ಕೊಳ ಸಿಗುತ್ತದೆ.

ಮೊದಲು ಈಜಿನ ಪರೀಕ್ಷೆ: 200 ಮೀಟರ್ ನಿಲ್ಲದೆ ಈಜುವುದು, 10 ನಿಮಿಷ ತೇಲುವುದು. ಇದು ಬಾರದವರಿಗೆ ಉಪಕರಣ ಕೊಡಬೇಡಿ. ಕಿವಿಯ ಒತ್ತಡ ಸರಿಪಡಿಸುವುದನ್ನು ನೋವು ಬಂದ ಮೇಲಲ್ಲ, ಮೇಲ್ಮೈಯಲ್ಲೇ ಶುರುಮಾಡಿಸಿ. ಅರ್ಧ ಮೀಟರಿಗೊಮ್ಮೆ ಮುಂದುವರಿಸಿ. ನೋವಾದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನ, ಆಗದಿದ್ದರೆ ಅವತ್ತಿನ ಪಾಠ ಅಷ್ಟಕ್ಕೇ.

ಹೊಸಬರಿಗೆ ತೂಕ ಹೆಚ್ಚು ಕಟ್ಟುವುದು ಬೋಧಕರ ಹಳೆಯ ಚಾಳಿ, ಬೇಗ ಮುಳುಗುತ್ತಾರೆಂದು. ಅವರು ಅದನ್ನು ಸರಿದೂಗಿಸಲು ಬಿಸಿಡಿ ಊದಿಸುತ್ತಾರೆ, ಏರುವಾಗ ಆ ಗಾಳಿ ಹಿಗ್ಗಿ ವೇಗ ತಪ್ಪುತ್ತದೆ. ಸರಿಯಾದ ತೂಕ ಹೀಗೆ ನೋಡಿ: ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಬಿಸಿಡಿ ಖಾಲಿ ಮಾಡಿ, ಸಹಜ ಉಸಿರಿನಲ್ಲಿ ಅಲುಗದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡಿದರೆ ಒಳಗಿನ ಗಾಳಿಯ ಎರಡು ಕಿಲೋದಷ್ಟು ಭಾರವನ್ನು ಸೇರಿಸಿಕೊಳ್ಳಬೇಕು. ಸಿಹಿನೀರಿನ ಕೊಳದ ಲೆಕ್ಕ ಸಮುದ್ರಕ್ಕೆ ಆಗದು, ಉಪ್ಪುನೀರಿಗೆ ಇನ್ನಷ್ಟು ತೂಕ ಬೇಕು.

ಗಾಳಿ ಎಷ್ಟು ಹೊತ್ತು ಬರುತ್ತದೆ ಎಂದು ಮುಂಚೆಯೇ ಲೆಕ್ಕ ಮಾಡಿಸಿ. 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್, 200 ಬಾರ್, 50 ಬಾರ್ ಮೀಸಲು: ಬಳಸಲು ಸಿಗುವುದು ಸುಮಾರು 1,665 ಲೀಟರ್. ಆತಂಕದ ಹೊಸಬರು ಮೇಲ್ಮೈಯಲ್ಲಿ ನಿಮಿಷಕ್ಕೆ 25 ಲೀಟರ್ ಎಳೆಯುತ್ತಾರೆ ಎಂದುಕೊಂಡರೆ, 2 ಮೀಟರ್ ಕೊಳದಲ್ಲಿ ಅದು 30 ಲೀಟರ್, 55 ನಿಮಿಷ ಬರುತ್ತದೆ. 18 ಮೀಟರಿನಲ್ಲಿ ನಿಮಿಷಕ್ಕೆ 70 ಲೀಟರ್, ಸಿಲಿಂಡರ್ 24 ನಿಮಿಷಕ್ಕೆ ಮುಗಿಯುತ್ತದೆ. ಕೊಳದ ಅನುಭವದಿಂದ ಸಮುದ್ರದ ಸಮಯ ಊಹಿಸಿದವರು ಗಾಳಿ ಕಳೆದುಕೊಳ್ಳುವುದು ಹೀಗೆ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಲುಗಡೆ.

8. ಆಮ್ಲಜನಕ, ಫೋನ್ ನಂಬರ್, ಕಾಗದಪತ್ರ

ತುರ್ತು ಆಮ್ಲಜನಕವಿಲ್ಲದೆ ತೆರೆದ ನೀರಿಗೆ ಹೋಗಕೂಡದು. ಸಿಲಿಂಡರಿನ ಗಾತ್ರವನ್ನು ಬೆಲೆ ನೋಡಿ ಆರಿಸಬೇಡಿ, ಆಸ್ಪತ್ರೆಯ ದೂರ ನೋಡಿ ಆರಿಸಿ. ನಿಮಿಷಕ್ಕೆ 15 ಲೀಟರಿನಂತೆ ಕೊಟ್ಟರೆ 200 ಬಾರಿನ 2 ಲೀಟರ್ ಸಿಲಿಂಡರ್ 26 ನಿಮಿಷಕ್ಕೆ ಖಾಲಿ. ಸಾಗಿಸಲು ಒಂದೂವರೆ ಗಂಟೆ ಹಿಡಿಯುವ ಜಾಗಕ್ಕೆ 1,350 ಲೀಟರ್ ಬೇಕು, ಅಂದರೆ ಕನಿಷ್ಠ 7 ಲೀಟರಿನ ಸಿಲಿಂಡರ್. ಒತ್ತಡ ಕೋಣೆಯ ನಂಬರನ್ನು ಪಟ್ಟಿಯಿಂದ ನಕಲು ಮಾಡಿ ಸುಮ್ಮನಾಗದೆ, ಪ್ರತಿ ಪ್ರವಾಸಕ್ಕೂ ಮುಂಚೆ ಫೋನ್ ಮಾಡಿ ಡೈವರ್‌ಗಳನ್ನು ತೆಗೆದುಕೊಳ್ಳುತ್ತಾರೆಯೇ ಕೇಳಿ. ಎಷ್ಟೋ ಕೋಣೆಗಳು ಗಾಯದ ಚಿಕಿತ್ಸೆಗಷ್ಟೇ, ಹಗಲು ಹೊತ್ತಿಗಷ್ಟೇ ತೆರೆದಿರುತ್ತವೆ. ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮುನ್ನ 18 ಗಂಟೆ ಕಾಯಬೇಕು. ವಾಪಸ್ ಟಿಕೆಟ್ ಮಾಡಿಸುವ ಮೊದಲೇ ಇದನ್ನು ಹೇಳಿ.

ಪ್ರತಿಯೊಬ್ಬರಿಗೂ ಒಂದು ಕಡತ ಇರಲಿ: ಆರೋಗ್ಯದ ಪ್ರಶ್ನಾವಳಿ, ಒಪ್ಪಿಗೆ ಪತ್ರ, ಪಾಠವಾರು ದಿನಾಂಕ ಮತ್ತು ಇಬ್ಬರ ಸಹಿ. ತಂಡದ ಕಡತದಲ್ಲಿ ಸಿಲಿಂಡರ್ ಪರೀಕ್ಷೆಯ ತಾರೀಖು, ಸರ್ವಿಸ್ ಬಿಲ್, ಜಮಾಖರ್ಚು. ಲೆಕ್ಕವನ್ನು ಎಲ್ಲರಿಗೂ ತೋರಿಸಿ. ಯಾರಾದರೂ ಅರ್ಧಕ್ಕೆ ನಿಲ್ಲಿಸಿದರೆ ಗಾಳಿ ಮತ್ತು ಕಾರ್ಡಿನ ಹಣ ವಾಪಸ್, ಕೊಳದ ಪಾಲು ಇಲ್ಲ ಎಂಬುದನ್ನು ಮೊದಲ ದಿನವೇ ಬರೆದು ಕೊಡಿ. ಅವರು ಮುಗಿಸಿದ ಪಾಠಗಳಿಗೆ ರೆಫರಲ್ ಪತ್ರಕ್ಕೆ ಸಹಿ ಹಾಕಿಕೊಡಿ. ಹಲವು ಸಂಸ್ಥೆಗಳಲ್ಲಿ ಅದು 12 ತಿಂಗಳು ನಡೆಯುತ್ತದೆ, ಉಳಿದದ್ದನ್ನು ಬೇರೆ ಇನ್‌ಸ್ಟ್ರಕ್ಟರ್ ಬಳಿ ಮುಗಿಸಬಹುದು.